ನಾಗವ್ವನ ಮೇಲಿನ ಖೋಲಿ

ಪುಣೆಯ ರಾಸ್ತಾ ಪೇಠದಲ್ಲಿ ಬೆಲ್ಲದ ಮಲಕಪ್ಪನ ಮನೆ ಯಾವುದು ಎಂದು ಕೇಳಿದರೆ ಟಾಂಗಾದವರೂ ಕೈ ಮಾಡಿ ತೋರಿಸುತ್ತಿದ್ದರು. ಮಲಕಪ್ಪ ಗೋಕಾಕದ ಕಡೆಯವನು. ಭವಾನಿ ಪೇಠದಲ್ಲಿ ಅವನ ಬೆಲ್ಲದ ಅಂಗಡಿ ಇತ್ತು. ಅವನ ಹೆಂಡತಿ ನಾಗವ್ವ. ಮದುವೆಯಾಗಿ ಈ ಊರಿಗೆ ಬಂದಾಗ ಆಕೆಗೆ ಮರಾಠಿಯ ಒಂದು ಮಾತೂ ತಿಳಿಯುತ್ತಿರಲಿಲ್ಲ. ಓಣಿಯ ನಳದ ಹತ್ತಿರ ಕೊಡ ಹಿಡಿದು ನಿಂತರೆ ನೆರೆಯ ಹೆಂಗಸರು ‘ಏ ಕಾನಡೀಣ’ ಎಂದು ಕರೆದು ಆಕೆಯ ಕೊಡವನ್ನು ಹಿಂದಕ್ಕೆ ಸರಿಸುತ್ತಿದ್ದರು. ಕಾನಡೀಣ ಎಂದರೆ ಕನ್ನಡದವಳು, ಅಷ್ಟೇ, ಬೈಗಳೇನಲ್ಲ. ಆದರೆ ಕೊಡ ಮಾತ್ರ ಹಿಂದೆಯೇ ಇರುತ್ತಿತ್ತು. ನಾಗವ್ವ ಮರಾಠಿ ಕಲಿತಳು, ಅವರ ಹಾಗೆ ಜಗಳಾಡುವುದನ್ನೂ ಕಲಿತಳು. ಕಾನಡೀಣ ಎಂಬ ಹೆಸರೂ ಹೋಗಲಿಲ್ಲ, ಸಾಲಿನಲ್ಲಿ ಆಕೆಯ ಜಾಗವೂ ಬದಲಾಗಲಿಲ್ಲ. ಮಕ್ಕಳಾಗಲಿಲ್ಲ. ಗಂಡ ಅಂಗಡಿಗೆ ಹೋದ ಮೇಲೆ ಮನೆ ಭಣಭಣ ಎನ್ನುತ್ತಿತ್ತು.

ಆಚಾರದಲ್ಲಿ ಗಟ್ಟಿ ಹೆಂಗಸು. ಬೆಳಿಗ್ಗೆ ಮೈ ತೊಳೆದು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಮೂರು ಬೆರಳಿನಿಂದ ಹಣೆಗೆ ವಿಭೂತಿ ಎಳೆದುಕೊಂಡ ಮೇಲೆಯೇ ಒಲೆಗೆ ಬೆಂಕಿ. ಜ್ವರದಲ್ಲಿ ಮಲಗಿದಾಗಲೂ ಇದು ತಪ್ಪಿದ್ದಿಲ್ಲ. ಸೋಮವಾರ ಸೋಮವಾರ ರಾಮಲಿಂಗಯ್ಯನವರು ಭಿಕ್ಷಕ್ಕೆ ಬರುತ್ತಿದ್ದರು. ಅವರು ಲಿಂಗವಂತರ ಗುರುಮನೆಯವರು, ಜಂಗಮರು. ಕಾಲಿಗೆ ಕಟ್ಟಿದ ಗೆಜ್ಜೆಯಂಥ ಜಂಗಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿದೊಡನೆ ನಾಗವ್ವ ಮೊರದಲ್ಲಿ ಜೋಳದ ಹಿಟ್ಟು ತೆಗೆದುಕೊಂಡು ಬಾಗಿಲಿಗೆ ಬರುತ್ತಿದ್ದಳು. ಹಿಟ್ಟು ಅವರ ಜೋಳಿಗೆಗೆ ಹಾಕಿ ಪಾದ ಮುಟ್ಟಿದರೆ ಆಕೆಗೆ ವಾರ ಶುರುವಾದಂತೆ.

ಪ್ರಲ್ಹಾದ ಆ ಮನೆಗೆ ಬಂದದ್ದು ೧೯೩೬ರ ಸುಮಾರಿಗೆ. ಧಾರವಾಡದಲ್ಲಿ ಹುಡುಗರಿಗೆ ಸಂಸ್ಕೃತ ಕಲಿಸುವ ಗುಂಡಾಚಾರ್ಯರ ಮಗ. ಡಾಕ್ಟರಕಿ ಪಾಸಾಗಿ, ಸ್ಟೇಶನ್ ಕಡೆಯ ದೊಡ್ಡ ದವಾಖಾನೆಯಲ್ಲಿ ಹೌಸ್ ಸರ್ಜನ್ ಎಂದು ಸೇರಿದ್ದ. ಅದೊಂದು ವರ್ಷದ ದುಡಿತ. ಹಗಲೆನ್ನದೆ ಇರುಳೆನ್ನದೆ ವಾರ್ಡಿನಿಂದ ಕರೆ ಬಂದರೆ ಓಡಿಬರಬೇಕು. ಬರದಿದ್ದರೆ ಕೊನೆಗೆ ಸಿಗಬೇಕಾದ ಸರ್ಟಿಫಿಕೀಟು ಸಿಗುವುದಿಲ್ಲ. ಆದ್ದರಿಂದ ಎಲ್ಲಿ ಇರುವುದು ಎಂಬುದೇ ಅವನಿಗೆ ದೊಡ್ಡ ಮಾತಾಯಿತು. ದವಾಖಾನೆಯಲ್ಲೇ ಒಂದು ಖೋಲಿ ಇತ್ತು. ಅಲ್ಲಿ ಎಲ್ಲ ಜಾತಿಯ ಡಾಕ್ಟರರು ಮಂಚಕ್ಕೆ ಮಂಚ ತಾಗಿಸಿ ಮಲಗಿ, ಒಂದೇ ಅಡಿಗೆಯವನ ಕೈಯಲ್ಲಿ ಉಣ್ಣುತ್ತಿದ್ದರು. ಗುಂಡಾಚಾರ್ಯರು ಮಗನನ್ನು ಕಳಿಸುವಾಗಲೇ ಕಟ್ಟಪ್ಪಣೆ ಮಾಡಿದ್ದರು: “ಹೆಣಾ ಮುಟ್ಟು, ರೋಗಾ ಮುಟ್ಟು, ಸ್ನಾನ ಮಾಡಿದ್ರ ಹೋಗ್ತದ. ಅನ್ನ ಕೆಟ್ರ ಯಾವ ನೀರಿಗೂ ಹೋಗೂದಿಲ್ಲ. ಅಂಥಾ ಸುದ್ದಿ ಕಿವಿಗೆ ಬಿದ್ದ ದಿನಾ ಬಂದು ಕರಕೊಂಡು ಹೋಗ್ತೀನಿ.”

ಅದಕ್ಕಾಗಿ ಮೊದಲು ಸದಾಶಿವ ಪೇಠದಲ್ಲಿ ಸೋದರತ್ತೆ ರಾಧಾಬಾಯಿಯ ಮನೆಯಲ್ಲಿ ಉಳಿದ. ಆಕೆ ಬಹಳ ಮಡಿಯವಳು. ದವಾಖಾನೆಯಿಂದ ಬಂದವನನ್ನು ವಾಡೆಯ ದಿಡ್ಡಿ ಬಾಗಿಲಲ್ಲೇ ನಿಲ್ಲಿಸಿ, ಬಟ್ಟೆ ಬಿಚ್ಚಿಸಿ, ತಲೆಯ ಮೇಲೆ ತಣ್ಣೀರು ಸುರಿಸಿಯೇ ಒಳಗೆ ಬಿಡುವಳು. ಮೈ ಒರೆಸಿಕೊಂಡು ಎಲೆಯ ಮುಂದೆ ಕೂಡುವಷ್ಟರಲ್ಲಿ ದವಾಖಾನೆಯ ಜವಾನ ಸೈಕಲ್ ಮೇಲೆ ಬಂದು ಕರೆಯುವನು. ಊರ ಆ ತುದಿಯಿಂದ ಈ ತುದಿಗೆ ಓಡಿ ಹೋಗುವ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಇನ್ನೊಮ್ಮೆ ತಡವಾದರೆ ಮನೆಗೇ ಹೋಗು ಎಂದು ದೊಡ್ಡ ಡಾಕ್ಟರರು ಎಚ್ಚರಿಸಿದರು.

ಖೋಲಿ ಹುಡುಕುತ್ತ ಅವನು ರಾಸ್ತಾ ಪೇಠದ ಓಣಿಯಲ್ಲಿ ಬರುತ್ತಿದ್ದಾಗ, ಮೇಲಿನ ಖೋಲಿಯ ಮೆಟ್ಟಿಲ ಮೇಲೆ ನಿಂತು ನಾಗವ್ವ ಬೆಲ್ಲಕ್ಕೆ ಮುತ್ತಿದ ಇರುವೆಗಳನ್ನು ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದಳು.

“ಇಲ್ಲೆ ಖೋಲಿ ಸಿಗ್ತದೇನ್ರಿ?” ಎಂದ ಪ್ರಲ್ಹಾದ.

“ಯಾರಿಗೆ?”

“ನನಗ್ರಿ. ದವಾಖಾನ್ಯಾಗ ಡಾಕ್ಟರ ಇದ್ದೀನಿ.”

ನಾಗವ್ವ ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಡಾಕ್ಟರ ಅಂತೀ. ಮೀಸೀನ ಮೂಡಿಲ್ಲ.”

ಒಳಗಿನಿಂದ ಮಲಕಪ್ಪ ಕೂಗಿದ: “ಮೀಸೀಲೆ ಸೂಜಿ ಚುಚ್ಚತಾರೇನ? ಒಳಗ ಕರಿ ಅವನ್ನ.”

ನಾಗವ್ವ ಮುಚ್ಚಿಡಲಿಲ್ಲ. ತಾವು ಲಿಂಗವಂತರು, ಅವನು ಬ್ರಾಹ್ಮಣರವನು, ಉಣ್ಣುವುದಕ್ಕೆ ಏನು ಮಾಡುತ್ತೀ ಎಂದು ಕೇಳಿದಳು. ತಾನೇ ಬೇಯಿಸಿಕೊಳ್ಳುತ್ತೇನೆ ಎಂದ. ಬೆಲ್ಲದ ಗಡಿಗೆಗಳನ್ನು ಕೆಳಗಿಳಿಸಿ ಖೋಲಿ ತೊಳೆದು ಕೊಟ್ಟಳು. ಕೆಲವು ದಿನ ಮೇಲಿನಿಂದ ಅನ್ನ ಸೀದ ವಾಸನೆ ಬಂತು. ಆಮೇಲೆ ಅದೂ ನಿಂತಿತು. ಹುಡುಗ ಹಸಿದೇ ಮಲಗುತ್ತಿದ್ದಾನೆ ಎಂದು ಆಕೆಗೆ ತಿಳಿಯಿತು. ಆಕೆಗೂ ಅಳುಕಿತ್ತು, ಲಿಂಗ ಕಟ್ಟದವನು ಭವಿ, ಅವನನ್ನು ಅಡಿಗೆಮನೆಗೆ ಹತ್ತಿರ ಮಾಡಬಾರದು. ಗಂಡನನ್ನು ಕೇಳಿದಳು. “ಹಸದಾವ ಭವಿ ಇದ್ರೇನು ಭಕ್ತ ಇದ್ರೇನು, ರೊಟ್ಟಿ ಬಡಿ” ಎಂದ ಅವನು. ಅಂದಿನಿಂದ ಅಡಿಗೆಮನೆಯ ಹೊಸ್ತಿಲಾಚೆ ಪ್ರಲ್ಹಾದನ ತಾಟು ಬಿತ್ತು. ಬಿಸಿ ರೊಟ್ಟಿ, ಪುಂಡಿಪಲ್ಯ. ಅವನು ತಲೆ ಎತ್ತದೆ ಉಂಡ. ಜವಾನ ಬಂದು ಕೂಗಿದರೆ ಕೈ ತೊಳೆದುಕೊಂಡು ಓಡಿದ. ಒಮ್ಮೆಯೂ ತಡವಾಗಲಿಲ್ಲ.

ಡಾಕ್ಟರು ಇದ್ದಾರೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಕೂಸಿಗೆ ಕೆಮ್ಮು, ಅತ್ತೆಗೆ ಕಾಲುನೋವು ಎಂದು ನೆರೆಯವರು ಬಂದರು. ಬಂದವರು ಮೊದಲು ನಾಗವ್ವನನ್ನೇ ವಿಚಾರಿಸಬೇಕು. ಆಕೆ ಸೆರಗು ಸರಿಮಾಡಿಕೊಂಡು “ಸಂಜೀಗೆ ಬರ್ರಿ, ಹೇಳಿ ನೋಡತೀನಿ” ಎಂದು ಮರಾಠಿಯಲ್ಲಿ ಹೇಳುವಳು. ನಳದ ಹತ್ತಿರ ಈಗ ಆಕೆಗೆ ‘ಡಾಕ್ಟರಬಾಯಿ’ ಎಂದು ಹೆಸರು. ತಾವಾಗಿಯೇ ಆಕೆಯ ಕೊಡವನ್ನು ಎಲ್ಲರಿಗಿಂತ ಮುಂದೆ ಇಟ್ಟು ಕೊಡುವರು. ಇಷ್ಟು ವರ್ಷ ಸಿಗದ ಮಾನ. ಅದರ ರುಚಿ ಆಕೆಗೆ ಹತ್ತಿತು.

ಆಗ ಧಾರವಾಡದಿಂದ ಅರಿವೆ ವ್ಯಾಪಾರಕ್ಕೆ ಬಂದ ಸಿದ್ರಾಮಪ್ಪ ಎಂಬವನು ದವಾಖಾನೆಗೆ ಹೋಗಿ ಪ್ರಲ್ಹಾದನಿಗೆ ಒಂದು ಹೇಳಿಕೆ ಮುಟ್ಟಿಸಿದ. ಆಚಾರ್ಯರು ನಾಶಿಕಕ್ಕೆ ಹೊರಟಿದ್ದಾರೆ, ಬರುವ ಸೋಮವಾರ ಪುಣೆಯಲ್ಲಿ ಇಳಿಯುತ್ತಾರೆ, ಮಗ ಉಣ್ಣುವ ಮನೆಯಲ್ಲಿಯೇ ಅವರ ಮಧ್ಯಾಹ್ನದ ಊಟ. ಹುಡುಗ ತನ್ನ ಮನೆ ಬಿಟ್ಟು ಹೋದನೆಂದು ರಾಧಾಬಾಯಿ ಆಚಾರ್ಯರಿಗೆ ಚಾಡಿ ಹೇಳಿದ್ದಳು. ಅದಕ್ಕೆ ಪ್ರಲ್ಹಾದ, ನಮ್ಮವರೇ, ವೈಷ್ಣವರ ಮನೆ ಸಿಕ್ಕಿದೆ ಎಂದು ತಂದೆಗೆ ಸುಳ್ಳು ತಿಳಿಸಿಬಿಟ್ಟಿದ್ದ.

ಸಂಜೆ ಅವನು ಹೊಸ್ತಿಲಾಚೆ ಕೂತು ರೊಟ್ಟಿ ಮುರಿಯುತ್ತಲೇ ಇದ್ದ, ಬಾಯಿಗೆ ಹಾಕಲಿಲ್ಲ.

“ಯಾಕ ತಮ್ಮಾ, ಖಾರ ಆಗೇತೇನು?”

“ಇಲ್ರಿ ಅವ್ವಾರ. ಅಪ್ಪಾ ಬರ್ತಾರ.” ಎಲ್ಲವನ್ನೂ ಹೇಳಿದ. ಹೇಳಿ ನೆಲ ನೋಡಿದ. “ಒಂದ ಹೊತ್ತಿನ ಮಾತ್ರಿ. ನಾನ ಮಡೀಲೆ ಬಡಸ್ತೀನಿ. ನೀವು ಒಳಗ ಇದ್ರ ಸಾಕು. ಆದ್ರ ಬಾಗಲದಾಗಿಂದ ಕಾಣ್ತದಲ್ರಿ, ಅದಕ್ಕ...”

“ಏನ ಕಾಣತೈತಿ?”

“ಹಣೀ ಮ್ಯಾಲಿಂದು. ಮತ್ತ ಕೊರಳಾಗಿಂದು ಒಳಗ ಸರಿಸಿದ್ರ... ಇಲ್ಲಾಂದ್ರ ನನ್ನ ಕರಕೊಂಡ ಹೋಗಿಬಿಡ್ತಾರ್ರಿ.”

ಇದು ನನ್ನಿಂದ ಆಗದು ಎಂದು ಆಗಲೇ ಅಂದಿದ್ದರೆ ಮುಗಿಯುತ್ತಿತ್ತು. ನಾಗವ್ವ ರೊಟ್ಟಿಯನ್ನು ಹಂಚಿನ ಮೇಲೆ ಹೊರಳಿಸಿದಳು. ಅವನ ವರ್ಷ ಹಾಳಾಗುವುದು ಕಣ್ಣಿಗೆ ಬಂತು, ಖರೆ. ಅದಕ್ಕಿಂತ ಮೊದಲು ಬಂದದ್ದು ಮೇಲಿನ ಖೋಲಿ ಖಾಲಿ ಬಿದ್ದದ್ದು, ನಳದ ಸಾಲಿನಲ್ಲಿ ಕೊಡ ಮತ್ತೆ ಹಿಂದೆ ಹೋದದ್ದು. “ಆತು” ಎಂದಳು.

ಮಲಕಪ್ಪನಿಗೆ ಹೇಳಿದಾಗ ಅವನು ಬಹಳ ಹೊತ್ತು ಎಲೆಅಡಿಕೆ ಜಗಿದ. “ಹಂಗಾರ ನನ್ನ ಹಣೀನೂ ಸೋಮವಾರ ಅಂಗಡ್ಯಾಗ ಇಟ್ಟಕೋತೀನಿ. ಬೆಲ್ಲದ ಕೂಡ ತೂಗಿ ಮಾರಿದ್ರ ಮಾರಿದೆ” ಎಂದ. ಆಕೆ ನಗಲಿಲ್ಲ. ಬೇಡ ಎಂದು ಅವನೂ ಬಾಯಿಬಿಟ್ಟು ಹೇಳಲಿಲ್ಲ.

ಆ ದಿನ ಬೆಳಿಗ್ಗೆ ನಾಗವ್ವ ಪೂಜೆ ಮುಗಿಸಿದಳು. ರೂಢಿಯ ಕೈ, ತಿಳಿಯುವುದರೊಳಗೆ ಹಣೆಗೆ ವಿಭೂತಿ ಎಳೆದಾಗಿತ್ತು. ಸೆರಗಿನ ತುದಿ ನೀರಲ್ಲಿ ಅದ್ದಿ ಒರೆಸಿದಳು. ಒರೆಸಿದಷ್ಟೂ ಬೆಳ್ಳಗೆ ಉಳಿಯಿತು. ಮತ್ತೆ ಅದ್ದಿ ತಿಕ್ಕಿದಳು. ಕುಂಕುಮ ಒಂದನ್ನೇ ಇಟ್ಟುಕೊಂಡು, ಲಿಂಗದ ವಸ್ತ್ರವನ್ನು ಕುಪ್ಪಸದೊಳಗೆ ಸೇರಿಸಿದಳು. ಗೋಡೆಯ ಬಸವಣ್ಣನ ಪಟವನ್ನು ಇಳಿಸಿ ಕಾಳಿನ ಖೋಲಿಯಲ್ಲಿ ಚೀಲದ ಹಿಂದೆ ಇಟ್ಟಳು. ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟದೆ ಅನ್ನ, ತೊವ್ವೆ, ಕೋಸಂಬರಿ, ಶಾವಿಗೆ ಪಾಯಸ ಮಾಡಿದಳು. ವಾರವೆಲ್ಲ ಇದೇ ಚಿಂತೆಯಲ್ಲಿ ಇದ್ದುದರಿಂದ, ಸೋಮವಾರವೆಂದರೆ ಆಚಾರ್ಯರು ಬರುವ ದಿನ ಎಂದಷ್ಟೇ ಆಕೆಯ ತಲೆಯಲ್ಲಿತ್ತು. ಸೋಮವಾರ ಇನ್ನಾರು ಬರುತ್ತಾರೆ ಎಂಬುದು ಮರೆತೇಹೋಗಿತ್ತು.

ಗುಂಡಾಚಾರ್ಯರು ಬಡಕಲು ಮೈಯ, ಮೆತ್ತನೆ ಮಾತಿನ ಮುದುಕರು. ಹಣೆಯಲ್ಲಿ, ತೋಳಿನಲ್ಲಿ ಗೋಪೀಚಂದನದ ಮುದ್ರೆಗಳು. ಸ್ನಾನ, ಜಪ ಮುಗಿಸಿ ಪಡಸಾಲೆಯಲ್ಲಿ ಎಲೆಯ ಮುಂದೆ ಕೂತರು. ಪ್ರಲ್ಹಾದ ಬಡಿಸಿದ. ಅಡಿಗೆಮನೆಯ ಬಾಗಿಲ ಮರೆಯಿಂದ ನಾಗವ್ವ ಪಾತ್ರೆ ಪಾತ್ರೆಯಾಗಿ ಕೊಟ್ಟಳು.

“ಪರಊರಾಗ ನನ್ನ ಮಗಗ ಅನ್ನಾ ಹಾಕ್ಲಿಕ್ಕತ್ತೀರಿ” ಎಂದರು ಮುದುಕರು ಬಾಗಿಲ ಕಡೆಗೆ. “ನಿಮ್ಮ ಋಣಾ ಹೆಂಗ ತೀರಸೂದು ತಾಯಿ.”

ಆ ಮಾತಿಗೆ ನಾಗವ್ವನ ಒರೆಸಿದ ಹಣೆ ಉರಿಯಿತು. ಇವರು ಬೇರೆ ಜಾತಿಯವರ ಮನೆಯಲ್ಲಿ ಎಂದೂ ಉಂಡವರಲ್ಲ. ಇವರ ಇಷ್ಟು ವರ್ಷದ ನೇಮ ಇನ್ನು ಒಂದು ತುತ್ತಿಗೆ ತನ್ನ ಕೈಯಿಂದ ಮುರಿಯುತ್ತದೆ ಎಂದು ಆಗ ಆಕೆಗೆ ಹೊಳೆಯಿತು. ವಾರವೆಲ್ಲ ತನ್ನ ಹಣೆಯೊಂದನ್ನೇ ನೆನೆದಿದ್ದಳು.

ಆಚಾರ್ಯರು ಎಲೆಯ ಸುತ್ತ ನೀರು ತಿರುವಿದರು. ಅಂಗೈಯಲ್ಲಿ ನೀರು ಹಿಡಿದು ಕಣ್ಣು ಮುಚ್ಚಿದರು. ಆ ಹೊತ್ತಿಗೆ ಓಣಿಯ ತಿರುವಿನಲ್ಲಿ ಜಂಗಿನ ಸದ್ದಾಯಿತು.

ಸದ್ದು ಹತ್ತಿರ ಬಂತು. ಅಡಿಗೆಮನೆಯ ಕಿಟಕಿಯ ಮುಂದೆ ಹಾದು ಬಾಗಿಲ ಎದುರು ನಿಂತಿತು. “ಕೋರಾನ್ನ ಭಿಕ್ಷಾ” ಎಂದು ರಾಮಲಿಂಗಯ್ಯನವರ ದನಿ.

ಹಿಟ್ಟಿನ ಡಬ್ಬಿ ನಾಗವ್ವನ ಕೈಯಳತೆಯಲ್ಲೇ ಇತ್ತು. ಹೋಗಬೇಕೆಂದರೆ ಮುದುಕರ ಮುಂದೆಯೇ ದಾಟಬೇಕು. ದಾಟಿದರೆ ಬಾಗಿಲಲ್ಲಿ ಬರೀ ಹಣೆಯಲ್ಲಿ ಅಯ್ಯನವರ ಪಾದಕ್ಕೆ ಬಾಗಬೇಕು. ಇನ್ನೊಮ್ಮೆ ಕರೆ ಬಂತು. ನಾಗವ್ವ ಕಿಟಕಿಗೆ ಬೆನ್ನು ಕೊಟ್ಟು ನಿಂತು, ಊರ ಭಿಕಾರಿಗಳಿಗೆ ಹೇಳುವ ಮಾತನ್ನು ಹೇಳಿದಳು: “ಮುಂದಕ್ಕ ಹೋಗ್ರಿ.”

ಜಂಗು ಸದ್ದು ಮಾಡುತ್ತ ದೂರ ಹೋಯಿತು.

ಆಚಾರ್ಯರು ಕಣ್ಣು ತೆರೆದರು. ಅಂಗೈಯ ನೀರು ಹಾಗೆಯೇ ಇತ್ತು. “ಯಾರೋ ನಮ್ಮ ಕಡೀಯವರ ದನಿ ಇದ್ದಂಗ ಅದ. ಯಾರಂವಾ?”

“ಯಾರೋ ಭಿಕಾರಿ” ಎಂದ ಪ್ರಲ್ಹಾದ.

ಅವನು ಅಂದದ್ದು ತಾನು ಅಂದದ್ದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ. ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನಾಗವ್ವನಿಗೆ ನಿಲ್ಲಲಾಗಲಿಲ್ಲ. ಬಾಗಿಲ ಮರೆ ಬಿಟ್ಟು ಹೊರಗೆ ಬಂದಳು.

“ಆಚಾರ್ರ, ನೀರು ಚೆಲ್ರಿ. ಉಣಬ್ಯಾಡ್ರಿ.”

ಮುದುಕರು ತಲೆ ಎತ್ತಿ, ಬ್ರಾಹ್ಮಣ ಹೆಂಗಸರಂತೆ ಕಚ್ಚೆ ಹಾಕದೆ ಉಟ್ಟ ಆಕೆಯ ಸೀರೆಯನ್ನು ನೋಡಿದರು.

“ನಾವು ಲಿಂಗವಂತರದೀವ್ರಿ. ಹಣೀ ಮ್ಯಾಲ ಇತ್ತು, ಮುಂಜಾನೆ ಅಳಿಸೇನಿ. ಈಗ ಬಾಗಲಕ್ಕ ಬಂದವರು ಭಿಕಾರಿ ಅಲ್ರಿ. ನಮ್ಮ ಅಯ್ಯನವರು.”

ಅಂಗೈಯ ನೀರು ಬೆರಳ ಸಂದಿಯಿಂದ ಎಲೆಯ ಪಕ್ಕ ಇಳಿಯಿತು. ಆಚಾರ್ಯರು ಕೂಗಾಡಲಿಲ್ಲ. “ಪ್ರಲ್ಹಾದ, ಇವರು ತಾವ ಅಳಸಿಕೊಂಡರೋ, ನೀ ಅಳಸಂದ್ಯೋ?” ಎಂದು ಕೇಳಿದರು.

ಪ್ರಲ್ಹಾದ ಕೈಯಲ್ಲಿದ್ದ ಸೌಟನ್ನು ನೋಡುತ್ತ ನಿಂತ. ನಾಗವ್ವ ಅವನ ಮುಖ ನೋಡಿದಳು. ತಾನೇ ಹೇಳಿಬಿಡಬಹುದಿತ್ತು, ಹೇಳಲಿಲ್ಲ; ಅವನೇ ಹೇಳಲಿ ಎಂದು ಕಾದಳು. ಅವನ ಬಾಯಿ ಏಳಲಿಲ್ಲ. ಮುದುಕರಿಗೆ ಅಷ್ಟು ಸಾಕಾಯಿತು. ಎಲೆಗೆ ಕೈ ಮುಗಿದು ಎದ್ದರು. ಗಂಟು ತೆಗೆದುಕೊಂಡು ಬಾಗಿಲವರೆಗೆ ಹೋದವರು ಹೊರಳಿ ನೋಡಿದರು.

“ನನಗ ಮೋಸಾ ಮಾಡಿದ್ದು ಇರ್ಲಿ. ನಾ ನಿಮಗ ಯಾರೂ ಅಲ್ಲ. ನಿಮ್ಮ ಅಯ್ಯನವರನ್ನ ಯಾಕ ಮುಂದಕ್ಕ ಕಳಿಸಿದ್ರಿ?”

ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು. ನಳದ ಹತ್ತಿರ ಕೊಡ ಮುಂದಿರಲಿ ಎಂದು ಕಳಿಸಿದೆ, ಎಂದು ಹೇಳಬೇಕಾಗಿತ್ತು. ಅಂಥ ಉತ್ತರವನ್ನು ಆ ಮುಖಕ್ಕೆ ಹೇಳಲು ಯಾರಿಂದಾದೀತು? ಆಚಾರ್ಯರು ಕಾದು ನೋಡಿ ಮೆಟ್ಟಿಲಿಳಿದರು. ಮಗ ಹಿಂದೆ ಹೋದ.

ನಾಗವ್ವ ಚಪ್ಪಲಿ ಮೆಟ್ಟದೆ ಓಣಿಗೆ ಓಡಿದಳು. ರಾಮಲಿಂಗಯ್ಯನವರು ತಿರುವಿನಲ್ಲಿ ಅರಳಿಮರದ ನೆರಳಲ್ಲಿ ಕೂತು ಜೋಳಿಗೆಯ ಬಾಯಿ ಕಟ್ಟುತ್ತಿದ್ದರು. ಆಕೆಯನ್ನು ನೋಡಿ ಅವರೇ ಗಾಬರಿಯಾದರು.

“ಯಾಕ ನಾಗವ್ವಾ, ಮೈಯಾಗ ಆರಾಮಿಲ್ಲೇನು? ಹಣಿ ಬರಿದ ಐತಿ.”

“ಆರಾಮದೀನಿ ಅಯ್ಯನವರ. ನಾನ ಅಳಿಸಿಕೊಂಡೆ. ಮುಂದಕ್ಕ ಹೋಗ್ರಿ ಅಂದಾಕಿನೂ ನಾನ.”

“ದನಿ ಗುರುತು ಸಿಕ್ತು” ಎಂದರು. ಯಾಕೆ ಎಂದು ಕೇಳಲಿಲ್ಲ. “ಹಿಟ್ಟ ತಂದೀಯೇನು?” ಎಂದರು.

ಆಕೆ ತನ್ನ ಕೈ ನೋಡಿಕೊಂಡಳು. ಅಷ್ಟು ದೂರ ಓಡಿ ಬಂದವಳು ಬರಿಗೈಯಲ್ಲಿ ಬಂದಿದ್ದಳು. “ಇಲ್ರಿ.”

“ಬರೂ ಸೋಮವಾರ ಬರತೀನಿ. ಹೋಗು, ಕಾಲ ಸುಡತಾವ” ಎಂದು ಅಯ್ಯನವರು ಎದ್ದರು. ಪಾದ ಮುಟ್ಟಲು ಆಕೆ ಬಾಗಿದಳು. ಬಾಗಿದವಳಿಗೆ ಮುಟ್ಟುವ ಧೈರ್ಯವಾಗದೆ ನೆಲ ಮುಟ್ಟಿದಳು.

ಮನೆಗೆ ಬಂದು ಎಲೆಯ ಅನ್ನವನ್ನು ಓಣಿಯ ಆಕಳಿಗೆ ಹಾಕಿದಳು. ಮಲಕಪ್ಪ ಬಂದ. ಅಂಗಡಿಯಿಂದ ಬರುವಾಗ ಏನೋ ಚೇಷ್ಟೆಯ ಮಾತು ಕಟ್ಟಿಕೊಂಡೇ ಬಂದಿದ್ದನೆಂದು ಅವನ ಮುಖದಲ್ಲಿ ಕಾಣುತ್ತಿತ್ತು. ನಡೆದದ್ದು ಕೇಳಿದ ಮೇಲೆ ಅದನ್ನು ಆಡಲಿಲ್ಲ. ತಾನೇ ಕಾಳಿನ ಖೋಲಿಗೆ ಹೋಗಿ ಪಟ ತಂದು ಗೋಡೆಗೆ ಹಾಕಿದ. “ನಾನೂ ಬ್ಯಾಡ ಅನಲಿಲ್ಲ” ಎಂದಷ್ಟೇ ಅಂದ.

ಸಂಜೆಯ ಮುಂದೆ ಪ್ರಲ್ಹಾದ ಒಬ್ಬನೇ ಬಂದು ಮೇಲೆ ಹೋಗಿ ಟ್ರಂಕು ತೆಗೆದುಕೊಂಡು ಇಳಿದ. ನಾಗವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಹಣೆಯಲ್ಲಿ ವಿಭೂತಿ ಇತ್ತು.

“ಅತ್ತೀ ಮನೀಗೇನು?”

“ಅಲ್ರಿ. ದವಾಖಾನಿ ಖೋಲಿಗೆ ಹೋಗ್ತೀನಿ. ಎಲ್ಲಾರ ಕೂಡ ಉಣ್ತೀನಿ ಅಂತ ಸ್ಟೇಶನ್ನ್ಯಾಗ ಅಪ್ಪಗ ಹೇಳಿದೆ. ನಿಮಗ ಅಳಸ್ರಿ ಅಂದಾಂವ ನಾನ ಅಂತನೂ ಹೇಳಿದೆ. ಆಗ ಹೇಳಬೇಕಾಗಿತ್ತು.”

“ಹೌದು, ಆಗ ಹೇಳಬೇಕಾಗಿತ್ತು. ಏನಂದ್ರು?”

“ಏನೂ ಅನ್ನಲಿಲ್ಲ. ಕರಕೊಂಡೂ ಹೋಗಲಿಲ್ಲ. ಗಾಡಿ ಹತ್ತಿ ಈ ಕಡೆ ನೋಡದ ಕೂತ್ರು.” ಟ್ರಂಕನ್ನು ಕೆಳಗಿಟ್ಟ. “ಇಲ್ಲೇ ಇರಬೇಕಂದ್ರ ದಿನಾ ನಿಮ್ಮ ಹಣೀ ನೋಡಬೇಕಾಗ್ತದ್ರಿ ಅವ್ವಾರ. ನನಗ ಆಗೂದಿಲ್ಲ.”

ಇರು ಎನ್ನಬೇಕೆನಿಸಿತು ನಾಗವ್ವನಿಗೆ. ಇರು ಎಂದರೆ ಇರುತ್ತಿದ್ದನೇನೋ. ಆದರೆ ಯಾರಿಗಾಗಿ ಅನ್ನುತ್ತಿದ್ದೇನೆ, ಅವನಿಗಾಗಿಯೋ ಕೊಡಕ್ಕಾಗಿಯೋ ಎಂದು ಆಕೆಗೇ ಬೇರ್ಪಡಿಸಲಾಗಲಿಲ್ಲ. ಎದ್ದು, ನಾಲ್ಕು ಕಡಕ್ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ ಟ್ರಂಕಿನ ಮೇಲೆ ಇಟ್ಟಳು. ಅವನು ತೆಗೆದುಕೊಂಡು ಹೋದ.

ಮರುದಿನ ನಳದ ಹತ್ತಿರ ಒಬ್ಬಳು ವಾಡಿಕೆಯಂತೆ ಆಕೆಯ ಕೊಡ ಮುಂದಿಡಲು ಬಂದಳು. “ಡಾಕ್ಟರ ಹೋದ” ಎಂದು ನಾಗವ್ವ ಮರಾಠಿಯಲ್ಲಿ ಹೇಳಿ, ಕೊಡವನ್ನು ತಾನೇ ಸಾಲಿನ ಕೊನೆಗೆ ಒಯ್ದು ಇಟ್ಟಳು. ಸೋಮವಾರ ಅಯ್ಯನವರು ಬಂದರು, ಹಿಟ್ಟು ಹಾಕಿಸಿಕೊಂಡರು, ಎಂದಿನಂತೆ ಹರಸಿದರು. ಆಕೆ ಮಾತ್ರ ಅವರ ಮುಖವನ್ನು ಮುಂದೆಂದೂ ನೆಟ್ಟಗೆ ನೋಡಲಿಲ್ಲ.

ಪ್ರಲ್ಹಾದನ ವರ್ಷ ಮುಗಿಯಿತು. ತಳೇಗಾಂವದಲ್ಲಿ ಅವನಿಗೆ ನೌಕರಿಯಾಯಿತು ಎಂದು ಸಿದ್ರಾಮಪ್ಪ ಎಂದೋ ಹೇಳಿದ. ನಾಗವ್ವನ ಖೋಲಿ ದವಾಖಾನೆಗೆ ಅಷ್ಟು ಹತ್ತಿರವಾದ್ದರಿಂದ ಕನ್ನಡದ ಹುಡುಗರು ಆಮೇಲೆಯೂ ಕೇಳಿಕೊಂಡು ಬರುತ್ತಿದ್ದರು. ಬಂದವರನ್ನು ಆಕೆ ಹೊಸ್ತಿಲಲ್ಲೇ ತಡೆದು ಮಾತಾಡಿಸುವಳು. ಕನ್ನಡದವಳಾಗಿ ಎಷ್ಟು ಸೊಕ್ಕು ಎಂದು ಕೆಲವರು ಅಂದುಕೊಂಡು ಹೋದರು.

ಯುದ್ಧದ ಕಾಲದಲ್ಲಿ, ಪುಣೆಯಲ್ಲಿ ಒಂದು ಮೂಲೆ ಸಿಗುವುದೂ ಕಷ್ಟವಾಗಿದ್ದಾಗ, ಬೆಳಗಾವಿಯ ಮಾರ್ತಾಂಡ ಎಂಬ ಹೊಸ ಡಾಕ್ಟರ ಹಾಸಿಗೆ ಸಮೇತ ಬಂದು ನಿಂತ. ಅಷ್ಟರಲ್ಲಿ ಮಲಕಪ್ಪ ತೀರಿಕೊಂಡಿದ್ದ, ನಾಗವ್ವ ಒಬ್ಬಳೇ.

“ನಾವು ಲಿಂಗವಂತರು” ಎಂದಳು.

“ಅದಕ್ಕೇನಾತ್ರಿ ಅಜ್ಜಿ. ಈಗ ಯಾರು ಕೇಳ್ತಾರ ಅವನ್ನೆಲ್ಲಾ. ಖೋಲಿ ತೋರಸ್ರಿ.”

“ನಿಮ್ಮಪ್ಪ ಅದಾರೇನು?”

“ಇದ್ದಾರ್ರಿ, ಬೆಳಗಾಂವ್ಯಾಗ.”

“ನೀ ಎಲ್ಲಿ ಉಣತೀ ಅಂತ ಅವರಿಗೆ ಗೊತ್ತೇನು?”

ಹುಡುಗ ನಕ್ಕ. “ಹೇಳಿದ್ರಾತು ಬಿಡ್ರಿ, ಮುಂದ ಯಾವಾಗರ.”

“ಮೊದಲ ಹೇಳಿ ಬಾ” ಎಂದಳು ನಾಗವ್ವ. “ಅಲ್ಲೀ ತನಕ ಖೋಲಿ ಯಾರಿಗೂ ಕೊಡೂದಿಲ್ಲ. ಹಾಸಿಗಿ ಬೇಕಾದ್ರ ಇಲ್ಲೇ ಇಟ್ಟು ಹೋಗು.”

ಅವನು ಹಾಸಿಗೆ ಇಟ್ಟು, ಮುದುಕಿಗೆ ಏನೋ ಮರುಳೆಂದು ತಲೆ ಅಲ್ಲಾಡಿಸುತ್ತ ಬೆಳಗಾವಿಯ ಗಾಡಿ ಹಿಡಿಯಲು ಸ್ಟೇಶನ್ನಿನ ಕಡೆಗೆ ನಡೆದ.